ಅಪ್ಪನ ಮಶೀನಿಗೊಂದು ಮೆತ್ತೆ

ಗುಡ್ಡದ ಮೇಲಿನ ಮನೆಗಳಿಗೆ ಇನ್ನೂ ರಸ್ತೆಯಾಗಿರಲಿಲ್ಲ. ಹಾಗಾಗಿ ಮೆತ್ತೆಗಾರನ ಹೊಟ್ಟೆಪಾಡಿಗೆ ಅಡ್ಡಿಯಿರಲಿಲ್ಲ. ಹಿಟ್ಟಿನ ಮೂಟೆ, ಸಿಮೆಂಟು, ಗ್ಯಾಸಿನ ಸಿಲಿಂಡರು, ಕೊನೆಗೆ ಬಾಣಂತಿಯ ಮಂಚ ಕೂಡ ಹೇಸರಗತ್ತೆಗಳ ಬೆನ್ನೇರಿಯೇ ಮೇಲಕ್ಕೆ ಹೋಗಬೇಕು. ಆ ಬೆನ್ನಿಗೂ ಹೇರಿಗೂ ನಡುವೆ ಹಾಸುವ ಉಣ್ಣೆಯ ಮೆತ್ತೆ ಮಾಡುವುದು ಅವನ ಕಸುಬು. ಉಣ್ಣೆಯನ್ನು ಹಿಂಜಿ, ಪದರ ಪದರವಾಗಿ ಹಾಸಿ, ಬಿಸಿನೀರು ಸೋಪು ಹಾಕಿ ಬರಿಗಾಲಲ್ಲಿ ತುಳಿಯಲು ನಿಂತನೆಂದರೆ, ಎಳೆಗಳೆಲ್ಲ ಒಂದರೊಳಗೊಂದು ಕಚ್ಚಿಕೊಂಡು ಹಲಗೆಯಂತಾಗುವವರೆಗೆ ಕಾಲು ತೆಗೆಯುತ್ತಿರಲಿಲ್ಲ. ಅವನ ಮೆತ್ತೆ ಹೊತ್ತ ಪ್ರಾಣಿಯ ಬೆನ್ನು ಹುಣ್ಣಾದದ್ದನ್ನು ಕಂಡವರಿಲ್ಲ ಎಂದು ಹೇಸರಗತ್ತೆಯವರು ಹೇಳಿಕೊಂಡು ತಿರುಗುತ್ತಿದ್ದರು. ಒದೆಯುವ ಚಟದ ಪ್ರಾಣಿಗಳು ಕೂಡ ಅವನು ಬೆನ್ನು ಸವರಿದರೆ ಕಿವಿ ಜೋಲು ಬಿಟ್ಟುಕೊಂಡು ನಿಲ್ಲುತ್ತಿದ್ದವು.

ಮನುಷ್ಯರ ವಿಷಯದಲ್ಲಿ ಮಾತ್ರ ಅವನ ಕೈ ಅಷ್ಟು ಪಳಗಿರಲಿಲ್ಲ. ಮದುವೆಯ ಮಾತು ಒಂದೆರಡು ಸಲ ಬಾಗಿಲವರೆಗೆ ಬಂದು, ಒಳಗೆ ಕಾಲಿಡದೆ ಹಾಗೇ ತಿರುಗಿ ಹೋಗಿತ್ತು. ಅಪ್ಪ ಇರುವವರೆಗೆ ಮನೆಯಲ್ಲಿ ಎರಡು ಜೀವವಾದರೂ ಇತ್ತು. ಅಪ್ಪ ಹೋದ ಮೇಲೆ ಅವನು, ಅವನ ಉಣ್ಣೆ. ಸಂಜೆ ಯಾರಾದರೂ ಬಾಗಿಲು ತಟ್ಟಿ ಮಾತಾಡಿಸಿದರೆ ಒಮ್ಮೊಮ್ಮೆ ಸ್ವರವೇ ಹೊರಡದೆ ಗಂಟಲು ಕೆರೆದುಕೊಳ್ಳಬೇಕಾಗುತ್ತಿತ್ತು. ಬೆಳಗಿನಿಂದ ಬಾಯಿ ತೆರೆದೇ ಇಲ್ಲವೆಂಬುದು ಅವನಿಗೆ ಆಗ ಗೊತ್ತಾಗುತ್ತಿತ್ತು.

ಹಜಾರದ ಗೋಡೆಗೆ ಒತ್ತಿದ ಮೇಜಿನ ಮೇಲೆ ಅಪ್ಪನ ರೆಕಾರ್ಡ್ ಪ್ಲೇಯರ್ ಇತ್ತು. ಹಾಲಿನ ಲಾರಿ ಓಡಿಸುತ್ತಿದ್ದ ಅಪ್ಪ ತನಗೆ ಅಂತ ಜೀವನದಲ್ಲಿ ಆಸೆಪಟ್ಟು ಕೊಂಡದ್ದು ಅದನ್ನೂ ಅದಕ್ಕೆ ಬೇಕಾದ ರೆಕಾರ್ಡುಗಳನ್ನೂ ಮಾತ್ರ. ಹಾಸಿಗೆ ಹಿಡಿದಾಗ ಮಕ್ಕಳಿಬ್ಬರನ್ನೂ ಹತ್ತಿರ ಕೂರಿಸಿಕೊಂಡು, ಮಶೀನು ಮಗನಿಗೆ, ರೆಕಾರ್ಡುಗಳೆಲ್ಲ ಮಗಳಿಗೆ ಎಂದು ಹೇಳಿಬಿಟ್ಟಿದ್ದ. ಹೀಗೆ ಹಂಚಿದರೆ ಹಾಡು ಕೇಳುವ ನೆಪಕ್ಕಾದರೂ ಅಕ್ಕ ತಮ್ಮ ಒಂದು ಕಡೆ ಕೂರುತ್ತಾರೆ ಎಂಬುದು ಅವನ ಎಣಿಕೆ. ಆ ಉಪಾಯ ಅವನಿಗೆ ಎಷ್ಟು ಹಿಡಿಸಿತ್ತೆಂದರೆ, ಉಸಿರೆಳೆಯುವ ಕಷ್ಟದಲ್ಲೂ ಒಬ್ಬನೇ ನಕ್ಕಿದ್ದ.

ಅಕ್ಕ ಇದ್ದದ್ದು ಪೇಟೆಯಲ್ಲಿ. ಗಂಡ ತೀರಿಕೊಂಡ ಮೇಲೆ ಔಷಧಿ ಅಂಗಡಿಯಲ್ಲಿ ಕೆಲಸ ಹಿಡಿದು, ಮೂರನೇ ಮಹಡಿಯ ಒಂದು ಕೋಣೆಯಲ್ಲಿ ತನ್ನ ಪಾಡಿಗೆ ತಾನಿದ್ದಳು. ಅಪ್ಪ ಸತ್ತ ವರ್ಷ ಒಂದು ಸಲ ರೆಕಾರ್ಡುಗಳ ಚೀಲವನ್ನು ಎದೆಗವಚಿಕೊಂಡು ಬಸ್ಸಿಳಿದು ಬಂದಿದ್ದಳು. ಆದರೆ ಮಶೀನಿನ ತಿರುಗುವ ತಟ್ಟೆಯ ಮೇಲಿದ್ದ ರಬ್ಬರಿನ ಮೆತ್ತೆ ಅಷ್ಟರಲ್ಲಿ ಒಣಗಿ, ಬಿರುಕು ಬಿಟ್ಟು, ಒಂದು ಕಡೆ ಚೂರು ಎದ್ದು ಹೋಗಿತ್ತು. ಮೇಲಿಟ್ಟ ರೆಕಾರ್ಡು ಕುಂಟುತ್ತ ಕುಂಟುತ್ತ ತಿರುಗಿತು. ಎರಡನೇ ಹಾಡಿನ ನಡುವೆ ಮುಳ್ಳು ಎಗರಿ, ಅಡ್ಡಕ್ಕೆ ಒಂದು ಗೀರು ಎಳೆದುಕೊಂಡು ಹೋಗಿ ನಿಂತಿತು. ಅಕ್ಕ ರೆಕಾರ್ಡನ್ನು ಕವರಿಗೆ ಸೇರಿಸಿ ಸಿಕ್ಕಿದ ಬಸ್ಸಿಗೆ ಹೊರಟುಬಿಟ್ಟಳು.

ಆಮೇಲೆ ಬರೀ ಫೋನು. ಫೋನಿನಲ್ಲೂ ಊಟ ಆಯ್ತಾ, ಜ್ವರ ಬಿಡ್ತಾ ಎನ್ನುವಷ್ಟೇ. ಬಾ ಎಂದು ಅವನು ಕರೆದಾಗಲೆಲ್ಲ ಅವಳ ಉತ್ತರ ಒಂದೇ ಆಗಿತ್ತು.

"ಊರ ಕತ್ತೆಗಳಿಗೆಲ್ಲ ಮೆತ್ತೆ ಹಾಸ್ತೀಯ, ಅಪ್ಪನ ಮಶೀನಿಗೆ ಒಂದು ಮೆತ್ತೆ ಗತಿಯಿಲ್ಲ. ಮೊದಲು ಅದನ್ನ ನೋಡು."

ಇದನ್ನು ಅವನು ಬಹಳ ಕಾಲ ಬರೀ ಕೊಂಕೆಂದೇ ತಿಳಿದು ಸುಮ್ಮನಿದ್ದ. ಈ ಸಲದ ಚಳಿ ಮುಗಿಯುವ ಹೊತ್ತಿಗೆ ಮಾಡಿದ ಫೋನಿನಲ್ಲಿ ಮಾತ್ರ ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದು ಸರಿಯಾದರೆ ಒಂದೇ ಒಂದು ರೆಕಾರ್ಡು ತರುತ್ತೇನೆ, ಅದಕ್ಕೆ ಏನೂ ಆಗದೆ ನೆಟ್ಟಗೆ ಕೇಳಿಸಿದರೆ ತಿಂಗಳಿಗೊಂದು ಸಲ ಬಂದು ಹೋಗುವುದಕ್ಕೆ ತನಗೇನು ಕಷ್ಟ ಎಂದಳು. ಫೋನಿಟ್ಟ ಮೇಲೆ ಮೆತ್ತೆಗಾರ ಹಜಾರದಲ್ಲಿದ್ದ ಎರಡು ಕುರ್ಚಿಗಳನ್ನು ಸುಮ್ಮನೆ ನೋಡುತ್ತ ನಿಂತ. ಒಂದರ ಮೇಲೆ ಉಣ್ಣೆಯ ಮೂಟೆ ಇಟ್ಟು ಎಷ್ಟು ಕಾಲವಾಗಿತ್ತೆಂದರೆ, ಅದು ಕುರ್ಚಿಯೆಂಬುದೇ ಅವನಿಗೆ ಮರೆತುಹೋಗಿತ್ತು. ಮೂಟೆ ಇಳಿಸಿದ.

ಸಂತೆಯ ದಿನ ರೇಡಿಯೋ ರಿಪೇರಿಯವನ ಅಂಗಡಿಗೆ ಹೋದ. ಗೂಡಿನಂಥ ಅಂಗಡಿ, ಕಳಚಿಟ್ಟ ರೇಡಿಯೋಗಳ ನಡುವೆ ರಿಪೇರಿಯವನ ತಲೆಯೂ ಒಂದು ಬಿಡಿಭಾಗದ ಹಾಗೆ ಕಾಣುತ್ತಿತ್ತು. ವಿಷಯ ಕೇಳಿ ಅವನು ಮೂರು ಬಗೆಯ ಮೆತ್ತೆ ತೆಗೆದು ಮುಂದಿಟ್ಟ: ರಬ್ಬರಿನದೊಂದು, ಬಾಟಲಿ ಬಿರಡೆಯ ಬೆಂಡಿನದೊಂದು, ಉಣ್ಣೆಯ ಫೆಲ್ಟಿನದೊಂದು. ಮೆತ್ತೆಗಾರ ಬಾಗಿಲ ಬೆಳಕಿಗೆ ಸರಿದು ಒಂದೊಂದನ್ನೇ ಮಣಿಕಟ್ಟಿನ ಒಳಮಗ್ಗುಲಿಗೆ ಒತ್ತಿ ನೋಡಿದ. ಕೆನ್ನೆಗೆ ಇಟ್ಟು ನೋಡಿದ. ಮಡಿಸಿ ಬಿಟ್ಟು, ಅದು ಎಷ್ಟು ಹೊತ್ತಿಗೆ ತನ್ನ ಆಕಾರಕ್ಕೆ ಬರುತ್ತದೆಂದು ಕಾದು ನೋಡಿದ. ಗಿರಾಕಿಗಳಿಬ್ಬರು ಬಂದು ಕೆಲಸ ಮುಗಿಸಿಕೊಂಡು ಹೋದರು.

"ಇಷ್ಟು ಹೊತ್ತು ಹೆಣ್ಣು ನೋಡಿದ್ದಿದ್ರೆ ಈಗ ನಿನಗೆ ಮೊಮ್ಮಕ್ಕಳಿರ್ತಿದ್ರು ಮಾರಾಯ," ಎಂದ ರಿಪೇರಿಯವನು.

ಮೆತ್ತೆಗಾರ ನಗಲಿಲ್ಲ, ರಬ್ಬರನ್ನು ಮೂಸಿ ನೋಡುತ್ತಿದ್ದ. ಒಂದು ಸಲ ಕೈಕೊಟ್ಟ ವಸ್ತುವನ್ನು ಮತ್ತೆ ಮನೆಗೆ ಒಯ್ಯಲು ಅವನಿಗೆ ಮನಸ್ಸಿರಲಿಲ್ಲ. ಬೆಂಡಿನದರ ಅಂಚಿಗೆ ಉಗುರು ತಾಗಿಸಿದರೆ ಪುಡಿ ಉದುರಿತು. ಹೇರಿನ ಕೆಳಗೆ ಸಾಸಿವೆಯಷ್ಟು ಪುಡಿ ಸಿಕ್ಕಿಕೊಂಡರೆ ಬೆನ್ನಿನ ಗತಿ ಏನಾಗುತ್ತದೆಂಬುದು ಅವನಿಗೆ ಗೊತ್ತು, ಅದನ್ನೂ ಬದಿಗಿಟ್ಟ. ಉಳಿದದ್ದು ಫೆಲ್ಟು. ಅದನ್ನು ಬೆಳಕಿಗೆ ಹಿಡಿದಾಗ ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪಗೆ ಕಂಡಿತು. ಇದನ್ನು ಯಾರೂ ತುಳಿದು ಮಾಡಿಲ್ಲ, ಅಂಟು ಹಾಕಿ ಒತ್ತಿದ್ದಾರೆ ಎಂದು ಹೇಳಿ, ತಾನೇ ಒಂದು ಮಾಡಿಕೊಳ್ಳುವುದಾಗಿ ತಿಳಿಸಿದ.

ರಿಪೇರಿಯವನು ಬೇಸರ ಮಾಡಿಕೊಳ್ಳಲಿಲ್ಲ. ಕತ್ತೆಗೆ ಮಾಡುವ ಹಾಗೆ ದಪ್ಪ ಮಾಡಬೇಡ, ದಪ್ಪವಾದರೆ ರೆಕಾರ್ಡು ಮೇಲೆದ್ದು ಮುಳ್ಳು ಹಿಡಿದ ಕೈ ಹಿಂದಕ್ಕೆ ವಾಲಿ ದನಿ ಕೆಡುತ್ತದೆ ಎಂದು ಬುದ್ಧಿ ಹೇಳಿ ಕಳಿಸಿದ. ಹಾಕಿ ನೋಡುವುದಕ್ಕೆಂದು ಯಾರೋ ಬಿಟ್ಟುಹೋದ ಹಳೆಯ ರೆಕಾರ್ಡೊಂದನ್ನೂ ಕೊಡಲು ಬಂದ. ಮೆತ್ತೆಗಾರ ಬೇಡವೆಂದ. ಅವನ ಮನೆಯಲ್ಲಿ ಹಾಡೆಂದರೆ ಮೂರು ಜನ ಕೂತು ಕೇಳುವುದಾಗಿತ್ತು, ಅಕ್ಕನ ಮದುವೆಯಾದ ಮೇಲೆ ಇಬ್ಬರು. ಒಬ್ಬನೇ ಕೂತು ಹಾಡು ಕೇಳುವುದು ಅವನಿಗೆ ಒಬ್ಬನೇ ಕೂತು ಇಸ್ಪೀಟಾಡಿದಂತೆ ಅನ್ನಿಸುತ್ತಿತ್ತು.

ಕುರಿಮರಿಗಳ ಮೊದಲ ಕತ್ತರಿಯ ಉಣ್ಣೆ ಒಂದು ಹಿಡಿ ಅವನ ಹತ್ತಿರ ಇತ್ತು. ಅದನ್ನು ಜೇಡನ ಬಲೆಯ ಹಾಗೆ ಹಿಂಜಿ, ತೆಳ್ಳಗೆ ಹಾಸಿ, ತುಳಿಯದೆ ಅಂಗೈಯಲ್ಲೇ ತಿಕ್ಕಿ ತಿಕ್ಕಿ ಗಟ್ಟಿ ಮಾಡಿದ. ಮೊಳೆಗೆ ದಾರ ಕಟ್ಟಿ ಸುತ್ತು ಎಳೆದು, ತಟ್ಟೆಯ ಅಳತೆಗೆ ಕತ್ತರಿಸಿ, ನಡುವಿನ ಕಡ್ಡಿಗೆ ತೂತು ಮಾಡಿದ. ನೋಡಲು ಚೆನ್ನಾಗಿಯೇ ಇತ್ತು. ಆದರೆ ನೋಡಲು ಚೆನ್ನಾಗಿರುವ ಮೆತ್ತೆಯನ್ನು ಅವನು ಯಾವತ್ತೂ ಹಾಗೇ ಕೊಟ್ಟವನಲ್ಲ. ಹೊಸ ಮೆತ್ತೆಗೆ ಸೀಮೆಸುಣ್ಣದ ಪುಡಿ ಸವರಿ, ಪ್ರಾಣಿಯ ಬೆನ್ನಿಗೆ ಹಾಸಿ, ಹೇರು ಏರಿಸಿ ಒಂದು ಸುತ್ತು ನಡೆಸುತ್ತಿದ್ದ. ಆಮೇಲೆ ಇಳಿಸಿ ನೋಡಿದರೆ ಬೆನ್ನಿನ ಮೇಲೆ ಎಲ್ಲಿ ಬಿಳಿ ಗಾಢವಾಗಿ ಕೂತಿದೆಯೋ ಅಲ್ಲಿ ಒತ್ತುತ್ತದೆ, ಎಲ್ಲಿ ಕೂತಿಲ್ಲವೋ ಅಲ್ಲಿ ಟೊಳ್ಳು. ಬಿಳಿ ಎಲ್ಲ ಕಡೆ ಒಂದೇ ಸಮ ಆಗುವವರೆಗೆ ಉಣ್ಣೆ ಹೆರೆಯುವುದು, ಮತ್ತೆ ಸವರುವುದು. ಅವನ ಹೆಸರು ಉಳಿದದ್ದೇ ಈ ಒಂದು ಹಟದಿಂದ.

ರೆಕಾರ್ಡಿನ ಮೆತ್ತೆಗೂ ಹಾಗೇ ಮಾಡಿದ. ಡಬ್ಬದ ತಗಡೊಂದನ್ನು ರೆಕಾರ್ಡಿನ ಅಳತೆಗೆ ದುಂಡಗೆ ಕತ್ತರಿಸಿ ಕಪ್ಪು ಬಣ್ಣ ಬಳಿದ. ಮೆತ್ತೆಗೆ ಪುಡಿ ಸವರಿ, ತಗಡು ಇಟ್ಟು, ಮಶೀನು ತಿರುಗಿಸಿ, ತೆಗೆದು ನೋಡಿದ. ಮೊದಲು ಅಂಚಿಗೆ ಮಾತ್ರ ಬಿಳಿ. ಹೆರೆದ. ಆಮೇಲೆ ಒಂದು ಕಡೆ ಚಂದ್ರನ ತುಣುಕಿನಷ್ಟು ಟೊಳ್ಳು. ಮತ್ತೆ ಹೆರೆದ. ಕೊನೆಗೊಂದು ಮಧ್ಯಾಹ್ನ ತಗಡಿನ ತುಂಬ ಇಬ್ಬನಿ ಬಿದ್ದ ಹಾಗೆ ಬಿಳಿ ಒಂದೇ ಸಮ ಕೂತದ್ದನ್ನು ಕಂಡಾಗ, ಇಷ್ಟು ವರ್ಷದ ಕಸುಬಿನಲ್ಲಿ ಇಂಥದ್ದೊಂದನ್ನು ತಾನು ಮಾಡಿಲ್ಲ ಅಂದುಕೊಂಡ. ಮೆತ್ತೆಯನ್ನು ಜಗಲಿಯ ಕಂಬಕ್ಕೆ ಬಡಿದು ಜಾಡಿಸಿ, ಕುದುರೆಯ ಬ್ರಷ್ಷಿನಿಂದ ಉಜ್ಜಿ, ಪುಡಿ ಹಾರುವುದು ನಿಂತ ಮೇಲೆ ಮಶೀನಿಗೆ ಹಾಸಿ ಅಕ್ಕನಿಗೆ ಫೋನು ಮಾಡಿದ. ಅವಳು ಭಾನುವಾರ ಬರುತ್ತೇನೆಂದಳು, ಸಂಜೆಯ ಬಸ್ಸಿಗೆ ಹೊರಟುಬಿಡಬೇಕೆಂದೂ ಸೇರಿಸಿದಳು.

ಭಾನುವಾರ ಅಕ್ಕ ಬಂದಾಗ ಅವಳ ಕೂದಲು ಇಷ್ಟು ನೆರೆತದ್ದು ಯಾವಾಗ ಎಂದು ಅವನಿಗೆ ಗಾಬರಿಯಾಯಿತು. ಫೋನಿನಲ್ಲಿ ದನಿಗೆ ವಯಸ್ಸಾದದ್ದು ಗೊತ್ತಾಗುವುದಿಲ್ಲ. ಅವಳು ಬಾಗಿಲಲ್ಲೇ ನಿಂತು ಮನೆಯನ್ನು ಒಂದು ಸುತ್ತು ನೋಡಿ, ಪರವಾಗಿಲ್ಲವೇ, ಮನುಷ್ಯರು ಇರುವ ಹಾಗೆ ಇಟ್ಟುಕೊಂಡಿದ್ದೀಯ ಎಂದಳು. ಅವನು ಮೂರು ದಿನದಿಂದ ಗುಡಿಸಿದ್ದನ್ನು ಹೇಳಲಿಲ್ಲ. ಅವಳು ಕೈ ತೊಳೆದು, ಒರೆಸಿಕೊಂಡು, ಮಶೀನಿನ ಹತ್ತಿರ ಹೋಗಿ ಮೆತ್ತೆಯನ್ನು ಒಂದೇ ಬೆರಳಿನಿಂದ ಮೆಲ್ಲಗೆ ಒತ್ತಿದಳು.

"ನೀನೇ ಮಾಡಿದ್ದಾ?"

"ಹೂಂ."

"ಚೆನ್ನಾಗಿದೆ ಕಣೋ."

ಅಕ್ಕನ ಬಾಯಿಂದ ಆ ಮಾತು ಬಂದದ್ದೇ ಅವನ ಕಿವಿ ಬಿಸಿಯಾಯಿತು. ಹೇಸರಗತ್ತೆಯವರ ಹೊಗಳಿಕೆಯೆಲ್ಲ ಅದರ ಮುಂದೆ ಯಾವ ಲೆಕ್ಕ.

ತಂದದ್ದು ಅಪ್ಪ ಯಾವಾಗಲೂ ಮೊದಲು ಹಾಕುತ್ತಿದ್ದ ರೆಕಾರ್ಡು. ಒಬ್ಬ ಹೆಂಗಸಿನ ನಿಧಾನದ ದನಿ. ಅಕ್ಕ ಮುಳ್ಳನ್ನು ಇಳಿಸಿ ಬಂದು ಕೂತಳು. ಹಾಡು ಶುರುವಾಗುವ ಮುಂಚಿನ ಆ ಸಣ್ಣ ಸುಯ್ ಎಂಬ ಸದ್ದಿಗೇ ಮೆತ್ತೆಗಾರ ಕುರ್ಚಿಯ ಅಂಚಿಗೆ ಸರಿದ. ಆಮೇಲೆ ದನಿ ಬಂತು. ಎಲ್ಲೂ ಕುಂಟದೆ, ನಡುಗದೆ, ಗೋಡೆಯ ಆಚೆಯಿಂದ ಯಾರೋ ಎದ್ದು ಬಂದ ಹಾಗೆ. ಅವನು ಹಾಡನ್ನು ಕೇಳಿದ್ದಕ್ಕಿಂತ ಅಕ್ಕನ ಕಾಲುಗಳನ್ನು ನೋಡಿದ್ದೇ ಹೆಚ್ಚು. ಮೊದಲ ಹಾಡು ಮುಗಿಯುವಷ್ಟರಲ್ಲಿ ಅವಳು ಪಾದಗಳನ್ನು, ಬಾಗಿಲಲ್ಲಿ ಕಳಚದೇ ಬಂದಿದ್ದ ಚಪ್ಪಲಿಯಿಂದ ಬಿಡಿಸಿಕೊಂಡಿದ್ದಳು. ಮೂರನೆಯದಕ್ಕೆ ಕಾಲು ಮೇಲೆತ್ತಿ ಕುರ್ಚಿಯ ಮೇಲೆ ಮಡಿಸಿ ಕೂತಳು, ಅಪ್ಪನ ಎದುರಿಗೆ ಕೂರುತ್ತಿದ್ದ ಹಾಗೆಯೇ. ತಿಂಗಳಿಗೊಂದು ಸಲ ಎಂದು ಅವನು ಮನಸ್ಸಿನಲ್ಲೇ ಹೇಳಿಕೊಂಡ. ಚಳಿಗಾಲಕ್ಕೆ ಆ ಕುರ್ಚಿಗೂ ಒಂದು ಮೆತ್ತೆ ಮಾಡಬೇಕು ಅಂದುಕೊಂಡ.

ಒಂದು ಮಗ್ಗುಲು ಮುಗಿಯಿತು. ಇನ್ನೊಂದು ಮಗ್ಗುಲಿನದು ಬೇರೆಯೇ ಸಂಗತಿ. ಅಮ್ಮ ತೀರಿಕೊಂಡಾಗ ಅವನು ತೊಟ್ಟಿಲಲ್ಲಿದ್ದ. ಅಕ್ಕನಿಗೆ ಮಾತ್ರ ಅಮ್ಮನ ನೆನಪಿತ್ತು. ಆ ಮಗ್ಗುಲಿನ ಹಾಡು ಬಂದಾಗ ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ಒರಗಿ ನಿಲ್ಲುತ್ತಿದ್ದಳಂತೆ. ಎಷ್ಟೋ ವರ್ಷದವರೆಗೆ ಆ ಹಾಡಿಗೆ ಅಕ್ಕ ಬಾಗಿಲ ಕಡೆಗೊಮ್ಮೆ ತಿರುಗುತ್ತಿದ್ದಳು. ಅವನಿಗೆ ಅಮ್ಮನೆಂದರೆ ಅಕ್ಕನ ಆ ನೋಟವೇ. ಅದಕ್ಕಿಂತ ಹೆಚ್ಚಿನದು ಅವನ ಪಾಲಿಗೆ ಬಂದಿರಲಿಲ್ಲ.

ಅಕ್ಕ ರೆಕಾರ್ಡನ್ನು ಮಗುಚಿ ಹಾಕಿ ಮುಳ್ಳು ಇಳಿಸಿದಳು. ಒಣಗಿದೆಲೆಯ ರಾಶಿಯಲ್ಲಿ ಯಾರೋ ನಡೆದ ಹಾಗೆ ಸದ್ದಾಯಿತು. ಹಾಡು ಆ ಸದ್ದಿನಾಚೆ ಎಲ್ಲೋ ಇತ್ತು. ಅವಳು ಸ್ವಲ್ಪ ಕಾದಳು. ಸದ್ದು ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ದನಿ ಮಸುಕಾಗುತ್ತ ಬಂದು, ಮುಳ್ಳು ಸುಮ್ಮನೆ ಜಾರಲು ಶುರುವಾದಾಗ ಅವಳು ಎದ್ದು ಮುಳ್ಳಿನ ಕೈಯನ್ನು ಎತ್ತಿಟ್ಟಳು. ಮುಳ್ಳಿನ ತುದಿಗೆ ಬಿಳಿಯ ಗುಂಜು ಕಟ್ಟಿತ್ತು. ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಬೆರಳ ತುದಿಯಿಂದ ಅಂಚನ್ನು ಮುಟ್ಟಿ, ಆ ಬೆರಳನ್ನು ಅವನಿಗೆ ತೋರಿಸಿದಳು.

"ಇದೇನೋ ಇದು?"

ಅವನಿಗೆ ನೋಡಿದ್ದೇ ತಡ ಗೊತ್ತಾಯಿತು. ಪ್ರಾಣಿಯ ಬೆನ್ನಿಗೆ ಸೀಮೆಸುಣ್ಣದಿಂದ ಏನೂ ಆಗುವುದಿಲ್ಲ. ಉಣ್ಣೆಯ ಒಳಗೆ ಉಳಿದದ್ದು ಮೊದಲ ಬೆವರಿಗೇ ತೊಳೆದು ಹೋಗುತ್ತದೆ. ಹಾಗಾಗಿ ಮೇಲಿನ ಪುಡಿ ಹಾರುವುದು ನಿಂತರೆ ಸಾಕೆಂಬುದು ಅವನ ಕೈಗೆ ಕೂತುಹೋದ ಪಾಠ. ಬೆವರದ ಬೆನ್ನಿಗೆ ಅವನು ಈವರೆಗೆ ಮೆತ್ತೆ ಮಾಡಿರಲಿಲ್ಲ. ಮೊದಲ ಮಗ್ಗುಲು ಹಾಡುತ್ತಿದ್ದಷ್ಟು ಹೊತ್ತೂ ಅಮ್ಮನ ಮಗ್ಗುಲು ಮೆತ್ತೆಯ ಮೇಲೆ ಮಲಗಿ ಗೆರೆಗೆರೆಗೂ ಸುಣ್ಣ ತುಂಬಿಕೊಂಡಿತ್ತು.

ತಗಡು ಕತ್ತರಿಸಿದ್ದು, ಪುಡಿ ಸವರಿದ್ದು, ಹೆರೆದದ್ದು ಎಲ್ಲವನ್ನೂ ಅವನು ತಡವರಿಸಿಕೊಂಡು ಹೇಳಿದ. ಅಕ್ಕ ರೆಕಾರ್ಡನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡೇ ಪೂರ್ತಿ ಕೇಳಿದಳು.

"ಅಪ್ಪನ ರೆಕಾರ್ಡು ಅಂದ್ರೆ ಕತ್ತೆ ಅಂದ್ಕೊಂಡ್ಯಾ," ಎಂದಳು. ನಗಲು ಹೊರಟ ದನಿ ಅರ್ಧಕ್ಕೇ ಒಡೆಯಿತು. ಅವನು ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ, ಬೈಗುಳ ಬರಲಿಲ್ಲ. ಅದೇ ಕಷ್ಟವಾಯಿತು.

ಆಮೇಲೆ ಅವಳು ಔಷಧಿ ಅಂಗಡಿಯವಳಾದಳು. ಉಗುರುಬೆಚ್ಚಗಿನ ನೀರು, ಅದಕ್ಕೆ ಒಂದು ಹನಿ ಸೋಪು ಕೇಳಿದಳು. ಕೈಚೀಲದಿಂದ ಹತ್ತಿಯ ಸುರುಳಿ ತೆಗೆದಳು. ಬಚ್ಚಲಲ್ಲಿ ಕೂತು ಅವಳು ರೆಕಾರ್ಡನ್ನು ಓರೆಯಾಗಿ ಹಿಡಿದರೆ ಅವನು ಚೊಂಬಿನಿಂದ ನೂಲಿನ ಹಾಗೆ ನೀರು ಬಿಟ್ಟ. ನಡುವಿನ ಕಾಗದ ನೆನೆಯದ ಹಾಗೆ, ಗೆರೆಗಳ ಜಾಡಿನಲ್ಲೇ ಅವಳು ಹತ್ತಿ ಆಡಿಸುತ್ತ ಬಂದಳು. ನೀರು ಮೊದಲು ಹಾಲಿನಂತೆ ಇಳಿಯಿತು, ಆಮೇಲೆ ತಿಳಿಯಾಯಿತು. ಇಬ್ಬರ ತಲೆಯೂ ಒಂದಕ್ಕೊಂದು ತಾಗುವಷ್ಟು ಹತ್ತಿರವಿತ್ತು. ಅಷ್ಟು ಹತ್ತಿರದಲ್ಲಿ ಮುಖ ಕಾಣದಿದ್ದರಿಂದಲೋ ಏನೋ, ಅವನಿಗೆ ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಲು ಧೈರ್ಯ ಬಂತು.

"ನೀನೇ ಒಂದು ಮಶೀನು ತಗೋಬಹುದಿತ್ತಲ್ಲಕ್ಕ."

ಹತ್ತಿ ನಿಂತಿತು.

"ನೀನೇ ಒಂದು ರೆಕಾರ್ಡು ತಗೋಬಹುದಿತ್ತಲ್ಲೋ."

ಚೊಂಬಿನಲ್ಲಿ ನೀರು ಮುಗಿದಿತ್ತು. ಆದರೂ ಅವನು ಸ್ವಲ್ಪ ಹೊತ್ತು ಅದನ್ನು ಹಾಗೇ ಓರೆ ಹಿಡಿದುಕೊಂಡಿದ್ದ.

ತೊಳೆದ ರೆಕಾರ್ಡನ್ನು ದಾರದ ಉಂಡೆ ಸಿಕ್ಕಿಸುವ ಗೂಟಗಳ ನಡುವೆ ನೆಟ್ಟಗೆ ನಿಲ್ಲಿಸಿದರು. ಬಸ್ಸಿನ ಹೊತ್ತಾಗುತ್ತ ಬಂದಿತ್ತು. ಗೆರೆಗಳ ಒಳಗಿನ ನೀರು ಆರದೆ ಕವರಿಗೆ ಹಾಕಿದರೆ ಕಾಗದ ಅಂಟಿಕೊಂಡು ಬೂಷ್ಟು ಹಿಡಿಯುತ್ತದೆ ಎಂದು ಅಕ್ಕ ಎರಡು ಸಲ ಅಂದಳು. ಒಂದು ಸಲ ಅವನಿಗೆ, ಒಂದು ಸಲ ತನಗೆ. ಮುಂದಿನ ಬಸ್ಸಿಲ್ಲ, ಬೆಳಗ್ಗೆ ಅಂಗಡಿ ತೆರೆಯಬೇಕು. ಅವಳ ಅಮ್ಮನ ಹಾಡಿಗೆ ಸುಣ್ಣ ಬಳಿದವನು ಯಾವ ಮುಖದಲ್ಲಿ ಉಳಿದುಕೋ ಎನ್ನುವುದು. ಅವಳು ಚಪ್ಪಲಿ ಮೆಟ್ಟಿ, ರೆಕಾರ್ಡನ್ನು ಒಮ್ಮೆ ನೋಡಿ, ಖಾಲಿ ಕವರನ್ನು ಎತ್ತಿಕೊಂಡಳು.

"ಇದು ಇಲ್ಲೇ ಇರಲಿ. ಕವರು ನನ್ನ ಹತ್ರ ಇರ್ಲಿ."

ಬಸ್ಸಿನ ನಿಲ್ದಾಣದವರೆಗೆ ಅವನು ಅವಳ ಕೈಚೀಲ ಹೊತ್ತ. ಕವರನ್ನು ಮಾತ್ರ ಅವಳು ಕೊಡಲಿಲ್ಲ, ಬರುವಾಗ ಹಿಡಿದಿದ್ದ ಹಾಗೆಯೇ ಎದೆಗವಚಿಕೊಂಡಿದ್ದಳು. ಮತ್ತೆ ಯಾವಾಗ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಸ್ಸು ತಿರುವು ದಾಟಿದ ಮೇಲೂ ಧೂಳು ನೆಲಕ್ಕಿಳಿಯುವವರೆಗೆ ಅವನು ಅಲ್ಲೇ ನಿಂತಿದ್ದ.

ಮನೆಗೆ ಬಂದಾಗ ರೆಕಾರ್ಡು ಆರಿತ್ತು. ಹಾಕಿ ಕೇಳಬಹುದಿತ್ತು. ತಟ್ಟೆಯ ಮೇಲಿನ ಸುಣ್ಣದ ಮೆತ್ತೆ ಕಿತ್ತು ಹಾಕಿ, ತೆಳ್ಳನೆಯದೊಂದು ಬಟ್ಟೆ ಹಾಸಿದ್ದರೂ ನಡೆಯುತ್ತಿತ್ತೇನೋ. ಅವನು ಅಡುಗೆಮನೆಯ ಬಾಗಿಲ ಕಡೆ ತಿರುಗಿ ನೋಡಿದ. ಅವನಿಗೆ ಅಲ್ಲಿ ಬಾಗಿಲಷ್ಟೇ ಕಂಡಿತು. ಮಶೀನಿನ ತಂಟೆಗೆ ಹೋಗಲಿಲ್ಲ.

ಅದಕ್ಕೊಂದು ಕವರು ಹೊಲಿದರಾಯಿತೆಂದು ಮೆತ್ತನೆಯ ಅಸ್ತರಿನ ಬಟ್ಟೆ ತೆಗೆದ. ಅಳತೆ ಹಿಡಿದು ಕತ್ತರಿ ಕೈಗೆತ್ತಿಕೊಂಡವನು ಹಾಗೇ ಕೆಳಗಿಟ್ಟ. ಇಲ್ಲೊಂದು ಕವರಾಗಿಬಿಟ್ಟರೆ ಅಲ್ಲಿರುವ ಕವರು ಬರಲೇಬೇಕೆಂದೇನಿರುತ್ತದೆ? ಆದರೆ ಉಣ್ಣೆ ಹಿಂಜುವ ಮನೆಯಲ್ಲಿ ಗಾಳಿಯೆಲ್ಲ ಎಳೆ, ಧೂಳು. ಬರಿಮೈಯಲ್ಲಿ ನಿಂತ ರೆಕಾರ್ಡು ಎಷ್ಟು ದಿನ ಉಳಿದೀತು. ಯೋಚಿಸುತ್ತ ಕೂತವನು ಎದ್ದು ಉಣ್ಣೆಯ ಮೂಟೆಗಳನ್ನೂ ಹಿಂಜುವ ಬಾಚಣಿಗೆಯ ಹಲಗೆಯನ್ನೂ ಒಂದೊಂದಾಗಿ ಹೊತ್ತು ಜಗಲಿಗೆ ಹಾಕಿದ. ಹಜಾರವನ್ನು ಒದ್ದೆಬಟ್ಟೆಯಿಂದ ಒರೆಸಿ, ಕಿಟಕಿ ಮುಚ್ಚಿ, ಬಾಗಿಲೆಳೆದುಕೊಂಡ.

ಅಂದಿನಿಂದ ಅವನ ಕೆಲಸ ಜಗಲಿಯ ಮೇಲೇ. ಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಬೆರಳು ಸೆಟೆದುಕೊಳ್ಳುತ್ತಿದ್ದವು. ಮೆತ್ತೆ ಒಯ್ಯಲು ಬಂದ ಹೇಸರಗತ್ತೆಯವನೊಬ್ಬ, ಒಳಗೆ ಯಾರನ್ನೋ ಮಲಗಿಸಿದ ಹಾಗೆ ಬಾಗಿಲು ಹಾಕಿಕೊಂಡಿದ್ದೀಯಲ್ಲ ಎಂದು ಕೆಣಕಿದ. ಧೂಳು ಹೋಗಬಾರದು ಎಂದಷ್ಟೇ ಹೇಳಿ ಮೆತ್ತೆಗಾರ ಮರಿಯುಣ್ಣೆಯ ಇನ್ನೊಂದು ಹಿಡಿಯನ್ನು ಹಲಗೆಗೆ ಹಾಕಿದ. ಹೊಸದನ್ನು ಸುಣ್ಣ ಮುಟ್ಟಿಸದೆ ಮಾಡಬೇಕಿತ್ತು. ಸಮವಾಗಿದೆಯೋ ಇಲ್ಲವೋ ಎಂದು ಕಣ್ಣಿಗೆ ತೋರಿಸದೆ ಕೈಗೇ ಕೇಳಿ ತಿಳಿಯಬೇಕಿತ್ತು. ಎಳೆ ಹಾರಿ ಮೈಮೇಲೆಲ್ಲ ಕೂರುತ್ತಿತ್ತು. ಫೋನನ್ನು ಮಾತ್ರ ಒಳಗೆ ಬಿಟ್ಟಿರಲಿಲ್ಲ. ಅದನ್ನು ಮೊಣಕಾಲಿನ ಹತ್ತಿರ, ಎಳೆಗಳ ನಡುವೆ ಹುಗಿದುಹೋಗದ ಹಾಗೆ ಆಗಾಗ ಒರೆಸುತ್ತ ಇಟ್ಟುಕೊಂಡಿದ್ದ.